ಲಿನಕ್ಸ್ ಗಣಕಕ್ಕೆ ವೆಬ್‌ಕ್ಯಾಮ್ ಆರಿಸುವ ಬಗೆ

ವೆಬ್‌ಕ್ಯಾಮ್ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ವಿಂಡೋಸ್ ಮತ್ತು ಮ್ಯಾಕ್‌ಗಳ ಹೆಸರು ಅಚ್ಚಾಗಿರುತ್ತದೆ. ಲಿನಕ್ಸ್‌ನ ಹೆಸರು ಕಾಣುವುದು ಅಪರೂಪ. ಇದನ್ನು ನೋಡಿ ಉಬುಂಟು, ಡೆಬಿಯನ್ ಅಥವಾ ಫೆಡೋರಾದಂತಹ ಲಿನಕ್ಸ್ ವಿತರಣೆಗಳನ್ನು ಬಳಸುವ ಎಷ್ಟೋ ಜನ ಅಂಗಡಿಯಿಂದ ಬರಿಗೈಯಲ್ಲಿ ಮರಳುತ್ತಾರೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲ ಎಂದ ಮಾತ್ರಕ್ಕೆ ಹಿಂಜರಿಯಬೇಕಾಗಿಲ್ಲ, ಏಕೆಂದರೆ ಇಂದು ಮಾರಾಟದಲ್ಲಿರುವ ಬಹುಪಾಲು ಯುಎಸ್‌ಬಿ ಕ್ಯಾಮೆರಾಗಳು ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ನಡೆಯುತ್ತವೆ. ಆದರೆ ‘ನಡೆಯುತ್ತದೆ’ ಮತ್ತು ‘ಚೆನ್ನಾಗಿ ನಡೆಯುತ್ತದೆ’ ಎಂಬೆರಡರ ನಡುವೆ ಸಾಕಷ್ಟು ಅಂತರವಿದೆ. ಆ ಅಂತರವನ್ನು ದುಡ್ಡು ಕೊಡುವ ಮೊದಲೇ ಅಳೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ನೋಡಬೇಕಾದ ಮೂರಕ್ಷರ

ಆ ಮೂರಕ್ಷರ ಯುವಿಸಿ, ಅಂದರೆ ಯುಎಸ್‌ಬಿ ವಿಡಿಯೊ ಕ್ಲಾಸ್. ಕ್ಯಾಮೆರಾ ತನ್ನ ಗುರುತನ್ನು, ತಾನು ಕೊಡಬಲ್ಲ ಚಿತ್ರದ ಅಳತೆಗಳನ್ನು ಮತ್ತು ಬೆಳಕು, ಬಣ್ಣ, ಫೋಕಸ್‌ಗಳ ನಿಯಂತ್ರಣಗಳನ್ನು ಯಾವ ಭಾಷೆಯಲ್ಲಿ ಗಣಕಕ್ಕೆ ತಿಳಿಸಬೇಕು ಎಂಬುದನ್ನು ಈ ಮಾನದಂಡ ನಿಗದಿಪಡಿಸುತ್ತದೆ. ಅದರ ಮೊದಲ ಆವೃತ್ತಿ ಹೊರಬಂದದ್ದು 2003ರಲ್ಲಿ. ಅದಕ್ಕೂ ಮೊದಲು ಪ್ರತಿ ತಯಾರಕರೂ ತಮ್ಮದೇ ಚಿಪ್, ತಮ್ಮದೇ ಭಾಷೆ, ತಮ್ಮದೇ ಸಿ.ಡಿ. ಎಂಬಂತೆ ಕ್ಯಾಮೆರಾ ಮಾರುತ್ತಿದ್ದರು. ಲಿನಕ್ಸ್ ಬಳಸುವವರು ಅವುಗಳಿಗೆ ಒಂದೊಂದಾಗಿ ಡ್ರೈವರ್ (ಸಾಧನವನ್ನು ಗಣಕದೊಂದಿಗೆ ಮಾತಾಡಿಸುವ ತಂತ್ರಾಂಶ) ಬರೆಯಬೇಕಾಗಿತ್ತು. ಫ್ರಾನ್ಸಿನ ವೈದ್ಯರೊಬ್ಬರು ಬಿಡುವಿನ ವೇಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನು ಹೀಗೆ ನಡೆಯುವಂತೆ ಮಾಡಿದ್ದರು. ಅವರು ಆರಂಭಿಸಿದ ಜಿಎಸ್‌ಪಿಸಿಎ ಡ್ರೈವರ್ ಇಂದಿಗೂ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದ್ದು, ಕಪಾಟಿನಲ್ಲಿ ಸಿಕ್ಕಿದ ಹಳೆಯ ಕ್ಯಾಮೆರಾವೊಂದು ಅದರ ದೆಸೆಯಿಂದಲೇ ಕಣ್ಣು ಬಿಡಬಹುದು.

ಯುವಿಸಿ ಕ್ಯಾಮೆರಾಗಳಿಗಾಗಿ ಲೋರಾನ್ ಪಿಂಶಾರ್ ಬರೆದ ಯುವಿಸಿವಿಡಿಯೊ ಡ್ರೈವರ್ 2008ರಲ್ಲಿ, 2.6.26ನೇ ಆವೃತ್ತಿಯಲ್ಲಿ, ಲಿನಕ್ಸ್ ಕರ್ನಲ್‌ನೊಳಗೆ ಸೇರಿತು. ಅಂದಿನಿಂದ ಯುವಿಸಿಯನ್ನು ಸರಿಯಾಗಿ ಪಾಲಿಸುವ ಯಾವುದೇ ಕ್ಯಾಮೆರಾಕ್ಕೆ ಪ್ರತ್ಯೇಕ ಡ್ರೈವರ್ ಹುಡುಕುವ ಕೆಲಸವಿಲ್ಲ. ಪೆಟ್ಟಿಗೆಯ ಮೇಲೆ ಯುವಿಸಿ ಎಂದು ನೇರವಾಗಿ ಬರೆದಿರದಿದ್ದರೂ ‘ಡ್ರೈವರ್ ಬೇಕಿಲ್ಲ’ ಅಥವಾ ‘ಪ್ಲಗ್ ಅಂಡ್ ಪ್ಲೇ’ ಎಂಬ ಮಾತು ಇದ್ದರೆ ಅದು ಬಹುತೇಕ ಯುವಿಸಿಯೇ. ಅದಕ್ಕಿಂತ ಗಟ್ಟಿಯಾದ ಸುಳಿವು ಕ್ರೋಮ್ ಓಎಸ್‌ನ ಹೆಸರು. ಕ್ರೋಮ್‌ಬುಕ್‌ಗಳ ಒಳಗಿರುವುದೂ ಲಿನಕ್ಸ್ ಕರ್ನಲ್ ಆದ್ದರಿಂದ, ಅಲ್ಲಿ ನಡೆಯುವ ಕ್ಯಾಮೆರಾ ನಿಮ್ಮ ಉಬುಂಟುವಿನಲ್ಲೂ ನಡೆಯುತ್ತದೆ ಎಂದು ನಂಬಬಹುದು. ಇದಕ್ಕೆ ತದ್ವಿರುದ್ಧವಾಗಿ, ಮೊದಲು ನಮ್ಮ ತಂತ್ರಾಂಶವನ್ನು ಹಾಕಿಕೊಂಡ ನಂತರವೇ ಕ್ಯಾಮೆರಾ ಜೋಡಿಸಿ ಎಂದು ಪೆಟ್ಟಿಗೆಯೇ ಎಚ್ಚರಿಸುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು.

ಹೆಸರಿಗಿಂತ ಐಡಿ ಸಂಖ್ಯೆಯನ್ನು ನಂಬಿ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಕೊಳ್ಳುವುದಾದರೆ ನಿಮ್ಮ ಲ್ಯಾಪ್‌ಟಾಪನ್ನೇ ಜೊತೆಗೆ ಒಯ್ಯಿರಿ. ನಿಮ್ಮದು ಡೆಸ್ಕ್‌ಟಾಪ್ ಆಗಿದ್ದರೆ, ಉಬುಂಟು ಅಥವಾ ಮಿಂಟ್‌ನ ಲೈವ್ ಪೆನ್‌ಡ್ರೈವ್ (ಗಣಕದಲ್ಲಿ ಅಳವಡಿಸದೆಯೇ ಲಿನಕ್ಸ್ ನಡೆಸುವಂಥದು) ಒಂದನ್ನು ಸಿದ್ಧಪಡಿಸಿಕೊಂಡು ಗೆಳೆಯರ ಲ್ಯಾಪ್‌ಟಾಪಿನಲ್ಲಿ ಅದರಿಂದ ಬೂಟ್ ಮಾಡಬಹುದು. ಸೀಲ್ ಒಡೆಯಲು ಅಂಗಡಿಯವರು ಒಪ್ಪದಿದ್ದರೆ ಪ್ರದರ್ಶನಕ್ಕಿಟ್ಟ ಮಾದರಿಯನ್ನಾದರೂ ಜೋಡಿಸಿ ನೋಡಲು ಕೇಳಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಿಂದಿರುಗಿಸುವ ಗಡುವು ಎಷ್ಟು ದಿನ, ಬದಲಿ ಮಾತ್ರ ಕೊಡುತ್ತಾರೋ ಹಣವೇ ಮರಳುತ್ತದೆಯೋ ಎಂಬುದನ್ನು ಮೊದಲೇ ಓದಿಕೊಳ್ಳಿ.

ಕ್ಯಾಮೆರಾ ಜೋಡಿಸಿದ ಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂದು ಕೊಟ್ಟರೆ ಗಣಕಕ್ಕೆ ಅಂಟಿಕೊಂಡಿರುವ ಯುಎಸ್‌ಬಿ ಸಾಧನಗಳೆಲ್ಲ ಸಾಲಾಗಿ ಬರುತ್ತವೆ. ಪ್ರತಿ ಸಾಲಿನಲ್ಲೂ ‘ಐಡಿ’ ಎಂಬುದರ ಮುಂದೆ, ನಡುವೆ ಒಂದು ಕೋಲನ್ ಇರುವ ಎಂಟು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಉದಾಹರಣೆಗೆ ಲಾಜಿಟೆಕ್ ಸಿ270 ಕ್ಯಾಮೆರಾ 046ಡಿ:0825 ಎಂದು ತೋರುತ್ತದೆ. ಮೊದಲ ನಾಲ್ಕು ತಯಾರಕರನ್ನೂ ಉಳಿದ ನಾಲ್ಕು ಮಾದರಿಯನ್ನೂ ಸೂಚಿಸುತ್ತವೆ. ಅಂತರ್ಜಾಲದಲ್ಲಿ ಇತರರ ಅನುಭವವನ್ನು ಹುಡುಕುವಾಗ ಪೆಟ್ಟಿಗೆಯ ಹೆಸರಿನ ಬದಲು ಈ ಸಂಖ್ಯೆಯನ್ನು ಕೊಟ್ಟು ಹುಡುಕಿ. ಒಂದೇ ಹೆಸರಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಒಳಾಂಗ ಬರುವುದುಂಟು. ಜನಪ್ರಿಯ ಸಿ920 ಮಾದರಿಯ ಮೊದಲ ತಯಾರಿಕಾ ತಂಡಗಳಲ್ಲಿ ಎಚ್.264 ಎಂಬ ವಿಡಿಯೊ ಸಂಕೋಚನ ಕ್ಯಾಮೆರಾದೊಳಗೇ ನಡೆಯುತ್ತಿತ್ತು, ನಂತರದ ತಂಡಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಸಿ920 ಎಂದೇ ಉಳಿಯಿತು.

ಅದೇ ಕಮಾಂಡ್‌ಗೆ ಒಂದು ಅಂತರ ಬಿಟ್ಟು -ಟಿ ಸೇರಿಸಿದರೆ ಸಾಧನಗಳು ಮರದ ಕೊಂಬೆಗಳಂತೆ ಕಾಣುತ್ತವೆ. ಅದರಲ್ಲಿ ‘ಕ್ಲಾಸ್=ವಿಡಿಯೊ, ಡ್ರೈವರ್=ಯುವಿಸಿವಿಡಿಯೊ’ ಎಂಬ ಸಾಲು ಕಂಡರೆ ಹೊಂದಾಣಿಕೆಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾದಂತೆ. ಸಾಲಿನ ಕೊನೆಯಲ್ಲಿರುವ 480ಎಂ ಎಂಬುದು ಯುಎಸ್‌ಬಿ 2.0ರ ವೇಗವನ್ನು, 5000ಎಂ ಎಂಬುದು ಯುಎಸ್‌ಬಿ 3.0ರ ವೇಗವನ್ನು ಹೇಳುತ್ತದೆ. ಈ ವೇಗದ ಲೆಕ್ಕ ಮುಂದಿನ ಪರೀಕ್ಷೆಯಲ್ಲಿ ಬೇಕಾಗುತ್ತದೆ.

ಪೆಟ್ಟಿಗೆಯ ಸುಳ್ಳು ಬಯಲಾಗುವ ಜಾಗ

ಕೆಲವು ವರ್ಷಗಳ ಹಿಂದೆ ಹೆಸರೇ ಕೇಳಿರದ ಒಂದು ಕಂಪನಿಯ ಕ್ಯಾಮೆರಾವನ್ನು, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿದ್ದ ‘ಫುಲ್ ಎಚ್‌ಡಿ 1080’ (ಅಂದರೆ 1920×1080 ಪಿಕ್ಸೆಲ್) ಎಂಬುದನ್ನು ನಂಬಿ ತಂದಿದ್ದೆ. ಮನೆಗೆ ಬಂದು ಅದು ಕೊಡಬಲ್ಲ ಅಳತೆಗಳ ಪಟ್ಟಿ ತೆಗೆದರೆ 640×480ಕ್ಕಿಂತ ದೊಡ್ಡದು ಒಂದೂ ಇರಲಿಲ್ಲ. ಚಿಕ್ಕ ಚಿತ್ರವನ್ನು ವಿಂಡೋಸ್‌ನ ತಂತ್ರಾಂಶದಲ್ಲಿ ಹಿಗ್ಗಿಸಿ ತೋರಿಸಿ ಅದನ್ನೇ 1080 ಎಂದು ಮಾರಿದ್ದರು. ಲಿನಕ್ಸ್ ಆ ಹಿಗ್ಗುವಿಕೆಯನ್ನು ಮಾಡದೆ ಕ್ಯಾಮೆರಾದ ನಿಜವಾದ ಯೋಗ್ಯತೆಯನ್ನು ಇದ್ದಂತೆಯೇ ಹೇಳಿತು. ನನಗೆ ಸಿಟ್ಟು ಬಂದದ್ದು ಲಿನಕ್ಸ್ ಮೇಲಂತೂ ಅಲ್ಲ.

ಆ ಪಟ್ಟಿಯನ್ನು ತೆಗೆಯಲು ವಿ4ಎಲ್-ಯುಟಿಲ್ಸ್ ಎಂಬ ಪ್ಯಾಕೇಜನ್ನು ಅಳವಡಿಸಿಕೊಂಡು, ವಿ4ಎಲ್2-ಸಿಟಿಎಲ್ --ಲಿಸ್ಟ್-ಡಿವೈಸಸ್ ಎಂದು ಕೊಡಿ. ಗಣಕಕ್ಕೆ ಕಾಣುತ್ತಿರುವ ಕ್ಯಾಮೆರಾಗಳ ಹೆಸರು ಮತ್ತು ಒಂದೊಂದರ ಕೆಳಗೆ /ಡೆವ್/ವಿಡಿಯೊ0, /ಡೆವ್/ವಿಡಿಯೊ1 ಎಂಬಂತಹ ವಿಳಾಸಗಳು ಬರುತ್ತವೆ. ಒಂದೇ ಕ್ಯಾಮೆರಾಕ್ಕೆ ಎರಡು ವಿಳಾಸ ಏಕೆ ಎಂದು ಗಾಬರಿಯಾಗಬೇಕಿಲ್ಲ: 2018ರ 4.16ನೇ ಕರ್ನಲ್‌ನಿಂದೀಚೆಗೆ ಒಂದರಲ್ಲಿ ಚಿತ್ರವೂ ಇನ್ನೊಂದರಲ್ಲಿ ಚಿತ್ರದ ಕುರಿತ ಮಾಹಿತಿಯೂ ಬರುತ್ತದೆ. ಎರಡನೆಯದನ್ನು ಆರಿಸಿಕೊಂಡು ಕ್ಯಾಮೆರಾ ಕೆಟ್ಟಿದೆ ಎಂದು ವಾಪಸು ಮಾಡಿದವರೂ ಇದ್ದಾರೆ. ಲ್ಯಾಪ್‌ಟಾಪಿನಲ್ಲಿ ಮೊದಲೇ ಒಂದು ಕ್ಯಾಮೆರಾ ಇದ್ದರೆ ಹೊಸದು ಹೆಚ್ಚಾಗಿ ವಿಡಿಯೊ2 ಆಗಿರುತ್ತದೆ. ಈಗ ವಿ4ಎಲ್2-ಸಿಟಿಎಲ್ -ಡಿ /ಡೆವ್/ವಿಡಿಯೊ2 --ಲಿಸ್ಟ್-ಫಾರ್ಮ್ಯಾಟ್ಸ್-ಎಕ್ಸ್ಟ್ ಎಂದು ಕೊಟ್ಟರೆ ಪೂರ್ಣ ಪಟ್ಟಿ ತೆರೆದುಕೊಳ್ಳುತ್ತದೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ವೈಯುವೈವಿ ಎಂಬುದು ಸಂಕುಚಿಸದ ಕಚ್ಚಾ ಚಿತ್ರ. ಎಂಜೆಪಿಜಿ ಎಂಬುದು ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರದಂತೆ ಕ್ಯಾಮೆರಾದೊಳಗೇ ಕುಗ್ಗಿಸಿ ಕಳುಹಿಸುವ ರೂಪ. ಕಚ್ಚಾ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ ಎರಡು ಬೈಟ್ ಬೇಕು. 640×480 ಚಿತ್ರವನ್ನು ಸೆಕೆಂಡಿಗೆ 30 ಫ್ರೇಮ್‌ನಂತೆ ಕಳುಹಿಸಲು ಸೆಕೆಂಡಿಗೆ 1,84,32,000 ಬೈಟ್ ಆಗುತ್ತದೆ. ಯುಎಸ್‌ಬಿ 2.0ರಲ್ಲಿ ಇಂತಹ ನಿರಂತರ ಹರಿವಿಗೆ ಒಂದು ಸಾಧನಕ್ಕೆ ಸಿಗುವ ಗರಿಷ್ಠ ಪಾಲು ಸೆಕೆಂಡಿಗೆ ಸುಮಾರು 2.45 ಕೋಟಿ ಬೈಟ್, ಆದ್ದರಿಂದ ಇದು ಆರಾಮವಾಗಿ ಹೋಗುತ್ತದೆ. ಅದೇ 1280×720 ಚಿತ್ರಕ್ಕೆ 30 ಫ್ರೇಮ್ ಎಂದರೆ 5.5 ಕೋಟಿ ಬೈಟ್ ಮೀರುತ್ತದೆ. ಹೋಗಲು ದಾರಿಯೇ ಇಲ್ಲ. ಹಾಗಾಗಿ ಕ್ಯಾಮೆರಾ ಕಚ್ಚಾ 720ನ್ನು ಸೆಕೆಂಡಿಗೆ 10 ಫ್ರೇಮ್‌ಗೆ ಇಳಿಸುತ್ತದೆ, ಲೆಕ್ಕ ಹಾಕಿದರೆ ಅದೂ ಸರಿಯಾಗಿ 1,84,32,000 ಬೈಟೇ ಆಗುತ್ತದೆ. ಕಚ್ಚಾ 1080 ಆದರೆ ಸೆಕೆಂಡಿಗೆ 5 ಫ್ರೇಮ್ ಸಿಕ್ಕರೆ ಪುಣ್ಯ. ‘ಲಿನಕ್ಸ್‌ನಲ್ಲಿ ಕ್ಯಾಮೆರಾ ತಡವರಿಸುತ್ತದೆ’ ಎಂಬ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಇಷ್ಟೇ: ಬಳಸುತ್ತಿರುವ ತಂತ್ರಾಂಶ ಕಚ್ಚಾ ರೂಪವನ್ನು ಆರಿಸಿಕೊಂಡಿರುತ್ತದೆ.

ಆದ್ದರಿಂದ ಕೊಳ್ಳುವಾಗ ನೋಡಬೇಕಾದದ್ದು ಎಂಜೆಪಿಜಿ ಭಾಗವನ್ನು. ಅದರ ಕೆಳಗೆ 1920×1080 ಇದ್ದು, ಅದರ ಎದುರು 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಎಂದಿದ್ದರೆ ಅದು ನಿಜವಾದ 1080. ಎಂಜೆಪಿಜಿ ಭಾಗವೇ ಇಲ್ಲದ ಯುಎಸ್‌ಬಿ 2.0 ಕ್ಯಾಮೆರಾವನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ನಂತರ ಒಬಿಎಸ್ ಸ್ಟುಡಿಯೊ ಅಥವಾ ಜಿಯುವಿಸಿವ್ಯೂ ಎಂಬ ಚಿತ್ರೀಕರಣ ತಂತ್ರಾಂಶ ಬಳಸುವಾಗ ಚಿತ್ರರೂಪದ ಆಯ್ಕೆಯಲ್ಲಿ ಎಂಜೆಪಿಜಿಯನ್ನು ನೀವೇ ಆರಿಸಿಕೊಳ್ಳಿ. ಒಂದೇ ಯುಎಸ್‌ಬಿ ಹಬ್‌ಗೆ ಎರಡು ಕ್ಯಾಮೆರಾ ಜೋಡಿಸಿದಾಗ ಸಾಧನದಲ್ಲಿ ಜಾಗ ಉಳಿದಿಲ್ಲ ಎಂಬ ಅರ್ಥದ ದೋಷ ಸಂದೇಶ ಬರುವುದುಂಟು. ಅದನ್ನು ಓದಿ ಹಾರ್ಡ್‌ಡಿಸ್ಕ್ ಖಾಲಿ ಮಾಡಲು ಹೊರಡಬೇಡಿ. ತುಂಬಿರುವುದು ಯುಎಸ್‌ಬಿ ದಾರಿ. ಎರಡನೆಯ ಕ್ಯಾಮೆರಾವನ್ನು ಗಣಕದ ಬೇರೊಂದು ಪೋರ್ಟ್‌ಗೆ ನೇರವಾಗಿ ಜೋಡಿಸಿ ನೋಡಬೇಕು.

ನಮ್ಮ ಟ್ಯೂಬ್‌ಲೈಟ್‌ಗಳ ವಿಚಾರ

ವಿಮರ್ಶೆಗಳಲ್ಲಿ ಅಷ್ಟಾಗಿ ಸಿಗದ, ಆದರೆ ನಮ್ಮ ಮನೆಗಳಲ್ಲಿ ಮೊದಲ ದಿನವೇ ಕಣ್ಣಿಗೆ ಬೀಳುವ ತೊಂದರೆಯೊಂದಿದೆ: ಚಿತ್ರದ ಮೇಲೆ ಅಡ್ಡವಾಗಿ ಕಪ್ಪು ಪಟ್ಟಿಗಳು ಮೆಲ್ಲಗೆ ಹರಿದಾಡುವುದು. ಭಾರತದ ವಿದ್ಯುತ್ 50 ಹರ್ಟ್ಜ್, ಅಮೆರಿಕದ್ದು 60 ಹರ್ಟ್ಜ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಮತ್ತು ಕೆಲವು ಅಗ್ಗದ ಎಲ್‌ಇಡಿ ದೀಪಗಳು ನಮ್ಮಲ್ಲಿ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಅಲ್ಲಿ ನೂರಿಪ್ಪತ್ತು ಬಾರಿ. 60 ಹರ್ಟ್ಜ್‌ಗೆ ಹೊಂದಿಸಿದ ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕು ಹಿಡಿಯುವ) ಅವಧಿ ನಮ್ಮ ದೀಪದ ಮಿನುಗಿಗೆ ತಾಳೆಯಾಗದೆ ಈ ಪಟ್ಟಿಗಳು ಮೂಡುತ್ತವೆ. ವಿಂಡೋಸ್‌ನಲ್ಲಿ ತಯಾರಕರ ತಂತ್ರಾಂಶ ಇದನ್ನು ಸರಿಪಡಿಸಿಕೊಡಬಹುದು; ಲಿನಕ್ಸ್‌ನಲ್ಲಿ ನಾವೇ ಹೇಳಬೇಕು. ವಿ4ಎಲ್2-ಸಿಟಿಎಲ್ --ಲಿಸ್ಟ್-ಸಿಟಿಆರ್‌ಎಲ್‌ಎಸ್ ಎಂದು ಕೊಟ್ಟಾಗ ಬರುವ ನಿಯಂತ್ರಣಗಳಲ್ಲಿ ‘ಪವರ್_ಲೈನ್_ಫ್ರೀಕ್ವೆನ್ಸಿ’ ಎಂಬುದೊಂದಿರುತ್ತದೆ. ಅದರ ಬೆಲೆ (ಮೌಲ್ಯ) 2 ಇದ್ದರೆ 60 ಹರ್ಟ್ಜ್, 1 ಇದ್ದರೆ 50 ಹರ್ಟ್ಜ್. ವಿ4ಎಲ್2-ಸಿಟಿಎಲ್ -ಸಿ ಎಂಬುದರ ಮುಂದೆ ಆ ನಿಯಂತ್ರಣದ ಹೆಸರು, ಸಮ ಚಿಹ್ನೆ ಮತ್ತು 1 ಎಂದು ಬರೆದು ಎಂಟರ್ ಒತ್ತಿದ ಕ್ಷಣದಲ್ಲೇ ಪಟ್ಟಿಗಳು ಮಾಯವಾಗುವುದನ್ನು ಕಾಣಬಹುದು. ಕ್ಯಾಮೆರಾವನ್ನು ಕಿತ್ತು ಮತ್ತೆ ಜೋಡಿಸಿದರೆ ಬೆಲೆ ಹಳೆಯದಕ್ಕೇ ಮರಳಬಹುದಾದ್ದರಿಂದ, ಈ ಕಮಾಂಡನ್ನು ಲಾಗಿನ್ ಆದಾಗ ತಾನಾಗಿಯೇ ನಡೆಯುವಂತೆ ಇಟ್ಟುಕೊಳ್ಳುವುದು ಅನುಕೂಲ. ಅಂಗಡಿಯಲ್ಲಿ ಪರೀಕ್ಷಿಸುವಾಗ ಈ ನಿಯಂತ್ರಣ ಪಟ್ಟಿಯಲ್ಲಿ ಇದೆಯೇ ಎಂದು ನೋಡಲು ಮರೆಯದಿರಿ. ನಾನಾದರೆ ಅದಿಲ್ಲದ ಕ್ಯಾಮೆರಾವನ್ನು ಮನೆಗೆ ತರುವುದಿಲ್ಲ.

ಮಂದ ಬೆಳಕಿನಲ್ಲಿ 30 ಇದ್ದ ಫ್ರೇಮ್ ವೇಗ ಇದ್ದಕ್ಕಿದ್ದಂತೆ 15ಕ್ಕೆ ಇಳಿದರೆ ಅದಕ್ಕೂ ಇದೇ ಪಟ್ಟಿಯಲ್ಲಿ ಮದ್ದಿದೆ. ‘ಎಕ್ಸ್‌ಪೋಷರ್_ಡೈನಾಮಿಕ್_ಫ್ರೇಮ್‌ರೇಟ್’ ಎಂಬುದನ್ನು, ಹಳೆಯ ಕರ್ನಲ್ ಆದರೆ ‘ಎಕ್ಸ್‌ಪೋಷರ್_ಆಟೊ_ಪ್ರಯಾರಿಟಿ’ಯನ್ನು, ಸೊನ್ನೆ ಮಾಡಿದರೆ ಕ್ಯಾಮೆರಾ ವೇಗವನ್ನು ಕಾಯ್ದುಕೊಳ್ಳುತ್ತದೆ, ಚಿತ್ರ ಮಾತ್ರ ಸ್ವಲ್ಪ ಕಪ್ಪಾಗುತ್ತದೆ. ಎದುರಿನಿಂದ ಒಂದು ದೀಪ ಹಚ್ಚಿಕೊಂಡರೆ ಅದೂ ಇಲ್ಲ.

ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ತಲೆ ತಿರುಗಿಸಿದತ್ತ ಚಿತ್ರ ಹಿಂಬಾಲಿಸುವುದು, ಹಿನ್ನೆಲೆ ಮಸುಕಾಗಿಸುವುದು, ಮುಖಕ್ಕೆ ಕಾಂತಿ ತರುವುದು ಮುಂತಾದ ಆಕರ್ಷಣೆಗಳಲ್ಲಿ ಹೆಚ್ಚಿನವು ತಯಾರಕರ ವಿಂಡೋಸ್ ಮತ್ತು ಮ್ಯಾಕ್ ತಂತ್ರಾಂಶಗಳನ್ನು ಅವಲಂಬಿಸಿರುತ್ತವೆ. ಲಿನಕ್ಸ್‌ನಲ್ಲಿ ಅವು ಸಿಗುತ್ತವೆ ಎಂದುಕೊಂಡು ಹೆಚ್ಚಿನ ಬೆಲೆ ತೆರಬೇಡಿ; ಹಿನ್ನೆಲೆ ಮಸುಕಾಗಿಸುವ ಕೆಲಸವನ್ನು ಹೇಗೂ ಸಭೆಯ ತಂತ್ರಾಂಶವೇ ಬ್ರೌಸರ್‌ನೊಳಗೆ ಮಾಡಿಕೊಡುತ್ತದೆ. ಕ್ಯಾಮೆರಾದ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ನವೀಕರಣಕ್ಕೂ ಬಹಳ ಸಲ ವಿಂಡೋಸ್ ಗಣಕವೊಂದು ಬೇಕಾಗುತ್ತದೆ. ಆದರೆ ಲೆನ್ಸ್, ಸೆನ್ಸರ್, ಆಟೊಫೋಕಸ್, ಲೆನ್ಸ್‌ಗೆ ಮುಚ್ಚಳ ಇವೆಲ್ಲ ಕ್ಯಾಮೆರಾದಲ್ಲೇ ಇರುವಂಥವು, ಯಾವ ಕಾರ್ಯಾಚರಣ ವ್ಯವಸ್ಥೆಯಲ್ಲೂ ಕೆಲಸ ಮಾಡುತ್ತವೆ. ದುಡ್ಡು ಹೋಗಬೇಕಾದದ್ದು ಇವುಗಳಿಗೆ.

ಕಚೇರಿಯ ಸಭೆ ಮತ್ತು ಮನೆಯವರೊಂದಿಗಿನ ಮಾತುಕತೆಗೆ ಸಿ270ರಂತಹ 720 ಕ್ಯಾಮೆರಾ ಸಾಕು. ಅದರ ಫೋಕಸ್ ಸ್ಥಿರವಾದದ್ದು, ಕುರ್ಚಿಯಲ್ಲಿ ಕುಳಿತವರ ಮುಖಕ್ಕೆ ಸರಿಹೋಗುವಂತೆ ಮೊದಲೇ ಹೊಂದಿಸಿರುತ್ತಾರೆ. ಪಾಠ ಹೇಳುವವರು ಪುಸ್ತಕವನ್ನೋ ಮಗುವಿನ ನೋಟುಬುಕ್ಕಿನ ಲೆಕ್ಕವನ್ನೋ ಕ್ಯಾಮೆರಾದ ಹತ್ತಿರ ಹಿಡಿದರೆ ಅದರಲ್ಲಿ ಅಕ್ಷರ ಕಲಸಿಹೋಗುತ್ತದೆ, ಅಂಥವರಿಗೆ ಸಿ920ರಂತಹ ಆಟೊಫೋಕಸ್ ಕ್ಯಾಮೆರಾವೇ ಬೇಕು. ಆಟೊಫೋಕಸ್ ಆಗಾಗ ಹಿಂದೆ ಮುಂದೆ ತಡಕಾಡಿ ಕಿರಿಕಿರಿ ಮಾಡಿದರೆ ಅದನ್ನು ನಿಲ್ಲಿಸಿ ಫೋಕಸನ್ನು ಒಂದು ಬೆಲೆಯಲ್ಲಿ ಬಿಗಿಮಾಡಲು ಜಿಯುವಿಸಿವ್ಯೂನಲ್ಲಿ ಗುಂಡಿಗಳಿವೆ. 4ಕೆ ಕ್ಯಾಮೆರಾದ ಅಗತ್ಯ ವಿಡಿಯೊ ಮಾಡಿ ಹಾಕುವವರನ್ನು ಬಿಟ್ಟು ಉಳಿದವರಿಗೆ ನನಗಂತೂ ಕಂಡಿಲ್ಲ. ಕ್ಯಾಮೆರಾದ ಮೈಕ್ ಯುಎಸ್‌ಬಿ ಆಡಿಯೊ ಮಾನದಂಡದಲ್ಲಿ ಬರುವುದರಿಂದ ಲಿನಕ್ಸ್‌ನಲ್ಲಿ ನಡೆಯುತ್ತದೆ, ಆದರೆ ಸಾಧಾರಣ ಇಯರ್‌ಫೋನ್‌ನ ಮೈಕ್ ಬಾಯಿಗೆ ಹತ್ತಿರವಿರುವುದರಿಂದ ಅದೇ ಮೇಲು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಒಳಗಿನ ಕ್ಯಾಮೆರಾದ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಬಹುಕಾಲದಿಂದ ಈ ಕ್ಯಾಮೆರಾಗಳು ಒಳಗಿಂದಲೇ ಯುಎಸ್‌ಬಿಗೆ ಅಂಟಿಕೊಂಡ ಯುವಿಸಿ ಕ್ಯಾಮೆರಾಗಳಾಗಿದ್ದವು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಐಪಿಯು6 ಎಂಬ ಚಿತ್ರ ಸಂಸ್ಕರಣ ಘಟಕ ಬಂದ ಮೇಲೆ ಕೆಲವು ದುಬಾರಿ ಮಾದರಿಗಳಲ್ಲಿ, ಉದಾಹರಣೆಗೆ ಡೆಲ್ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ, ಸೆನ್ಸರನ್ನು ಮಿಪಿ ಎಂಬ ಬೇರೆ ದಾರಿಯಲ್ಲಿ ನೇರವಾಗಿ ಪ್ರೊಸೆಸರ್‌ಗೆ ಜೋಡಿಸಲಾಯಿತು. ಅಲ್ಲಿ ಕಚ್ಚಾ ಸೆನ್ಸರ್ ಮಾಹಿತಿಯನ್ನು ಚಿತ್ರವಾಗಿಸುವ ಕೆಲಸವೂ ಗಣಕದ್ದೇ, ಯುವಿಸಿವಿಡಿಯೊಗೆ ಅದರಲ್ಲಿ ಪಾತ್ರವಿಲ್ಲ. ಇದಕ್ಕೆ ಬೇಕಾದ ಡ್ರೈವರ್‌ನ ಮುಖ್ಯ ಭಾಗ ಕರ್ನಲ್ ಸೇರಿದ್ದು 2024ರ 6.10ನೇ ಆವೃತ್ತಿಯಲ್ಲಿ; ಉಳಿದ ಕೆಲಸವನ್ನು ಲಿಬ್‌ಕ್ಯಾಮೆರಾ ಎಂಬ ಮುಕ್ತ ತಂತ್ರಾಂಶ ಯೋಜನೆ ಮಾಡುತ್ತಿದೆ. ಇಂತಹ ಯಂತ್ರದಲ್ಲಿ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಕ್ಯಾಮೆರಾ ಕಾಣುವುದೇ ಇಲ್ಲ. ದುಬಾರಿ ಲ್ಯಾಪ್‌ಟಾಪ್ ಕೊಂಡು, ಪಕ್ಕಕ್ಕೆ ಅಗ್ಗದ ಯುಎಸ್‌ಬಿ ಕ್ಯಾಮೆರಾವೊಂದನ್ನು ನೇತುಹಾಕಿಕೊಳ್ಳುವ ಪಾಡು ಬರಬಾರದೆಂದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಮೊದಲೇ ಪರೀಕ್ಷಿಸಿಕೊಳ್ಳಿ.

ಪಟ್ಟಿಯಲ್ಲಿದ್ದೂ ಪರದೆಯಲ್ಲಿಲ್ಲದಿದ್ದರೆ

ಎಲ್‌ಎಸ್‌ಯುಎಸ್‌ಬಿಗೆ ಕ್ಯಾಮೆರಾ ಕಂಡು, ತಂತ್ರಾಂಶದಲ್ಲಿ ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಕ್ಯಾಮೆರಾದ್ದಲ್ಲ. ಒಂದು ತಂತ್ರಾಂಶ ಕ್ಯಾಮೆರಾವನ್ನು ಹಿಡಿದುಕೊಂಡಿರುವಾಗ ಇನ್ನೊಂದಕ್ಕೆ ಅದು ಸಿಗುವುದಿಲ್ಲ, ಆದ್ದರಿಂದ ಮೊದಲು ಬ್ರೌಸರ್‌ನ ತೆರೆದ ಟ್ಯಾಬ್‌ಗಳನ್ನು ಮುಚ್ಚಿ ನೋಡಿ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಅಳವಡಿಸಿದ ತಂತ್ರಾಂಶಕ್ಕೆ ಕ್ಯಾಮೆರಾದ ಅನುಮತಿ ಪ್ರತ್ಯೇಕವಾಗಿ ಕೊಡಬೇಕಾಗಬಹುದು. ಹಗುರವಾದ ಡೆಸ್ಕ್‌ಟಾಪ್ ಬಳಸುವವರು ತಮ್ಮ ಬಳಕೆದಾರ ಹೆಸರು ‘ವಿಡಿಯೊ’ ಎಂಬ ಗುಂಪಿನಲ್ಲಿದೆಯೇ ಎಂದು ಪರಿಶೀಲಿಸಬೇಕು. ಲಿನಕ್ಸ್ ಅಲ್ಲದ, ಯುನಿಕ್ಸ್ ಕುಲದ ಫ್ರೀಬಿಎಸ್‌ಡಿ ಬಳಸುವವರಿಗೆ ಲಿನಕ್ಸ್‌ನ ಇದೇ ಡ್ರೈವರ್‌ಗಳನ್ನು ನಡೆಸುವ ವೆಬ್‌ಕ್ಯಾಮ್‌ಡಿ ಎಂಬ ಪ್ಯಾಕೇಜ್ ಇದೆ. ಓಪನ್‌ಬಿಎಸ್‌ಡಿಯಲ್ಲಿ ಯುವಿಸಿ ಡ್ರೈವರ್ ಇದ್ದರೂ ಗೋಪ್ಯತೆಯ ದೃಷ್ಟಿಯಿಂದ ಚಿತ್ರ ಬರುವುದನ್ನು ಮೊದಲಿಗೆ ತಡೆದಿಟ್ಟಿರುತ್ತಾರೆ, ‘ಕರ್ನ್.ವಿಡಿಯೊ.ರೆಕಾರ್ಡ್’ ಎಂಬುದನ್ನು 1 ಮಾಡುವವರೆಗೆ ಕಪ್ಪು ಪರದೆಯೇ ಗತಿ.

ಕೊಳ್ಳುವ ತುರ್ತು ಇಲ್ಲದವರಿಗೆ ಇನ್ನೊಂದು ದಾರಿ ಈಗಾಗಲೇ ಕೈಯಲ್ಲಿರಬಹುದು. ಆಂಡ್ರಾಯ್ಡ್ 14ರಿಂದ ಈಚೆಗೆ ಕೆಲವು ಫೋನ್‌ಗಳು, ಮುಖ್ಯವಾಗಿ ಗೂಗಲ್‌ನ ಪಿಕ್ಸೆಲ್‌ಗಳು, ಯುವಿಸಿ ಕ್ಯಾಮೆರಾದಂತೆಯೇ ವರ್ತಿಸಬಲ್ಲವು. ಕೇಬಲ್‌ನಲ್ಲಿ ಗಣಕಕ್ಕೆ ಜೋಡಿಸಿ, ಫೋನಿನಲ್ಲಿ ಮೂಡುವ ಯುಎಸ್‌ಬಿ ಸೂಚನೆಯನ್ನು ಒತ್ತಿ ‘ವೆಬ್‌ಕ್ಯಾಮ್’ ಆರಿಸಿಕೊಂಡರೆ, ವಿ4ಎಲ್2-ಸಿಟಿಎಲ್ ಪಟ್ಟಿಯಲ್ಲಿ ಅದೂ ಒಂದು ಹೊಸ ಕ್ಯಾಮೆರಾ ಆಗಿ ಬಂದು ಕೂರುತ್ತದೆ. ಲಿನಕ್ಸ್ ಕಡೆ ಯಾವ ತಂತ್ರಾಂಶವನ್ನೂ ಹಾಕಬೇಕಿಲ್ಲ. ಫೋನನ್ನು ನೆಟ್ಟಗೆ ನಿಲ್ಲಿಸಲು ಒಂದು ಸ್ಟ್ಯಾಂಡ್ ಮಾತ್ರ ಬೇಕು.